ಬಾಬ್ ಹೇಯ್ಸ್ ಮೊದಲಿಂದಲೂ ಫುಟ್‌ಬಾಲ್ ಆಟಗಾರ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಬಾಬ್ ಹೇಯ್ಸ್ ಬಗ್ಗೆ ಪುಟ್ಟ ಟಿಪ್ಪಣಿ ಓದಿದೆ. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಓಟಗಾರ, ಒಪ್ಪಿದೆ. ಆದರೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅವರ ಕೆಲಸ ಚೆಂಡು ಹಿಡಿದು ಓಡುವುದಷ್ಟೇ ಅಲ್ವಾ? ಅಷ್ಟು ವೇಗ ಇದ್ದರೆ ಯಾರಾದರೂ ಮಾಡಿಯಾರು. ಇನ್ನೊಂದು ಮಾತು. ಮಾದಕ ವಸ್ತು ಮಾರಿ ಜೈಲಿಗೆ ಹೋದವರನ್ನು ಮಕ್ಕಳೂ ಓದುವ ಪತ್ರಿಕೆಯಲ್ಲಿ ಹೊಗಳಬಹುದೇ?
— ನಿವೃತ್ತ ದೈಹಿಕ ಶಿಕ್ಷಕರು, ತಿಪಟೂರು

ಸಂಪಾದಕರ ಉತ್ತರ:

ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಎರಡೂ ಪ್ರಶ್ನೆ ನ್ಯಾಯವಾದವು. ಮೊದಲನೆಯದಕ್ಕೆ ನಮ್ಮ ಟಿಪ್ಪಣಿಯೇ ಕಾರಣ. ಅದರಲ್ಲಿ ಟೋಕಿಯೊ ಓಟ ಬಿಟ್ಟು ಬೇರೇನೂ ಇರಲಿಲ್ಲ. ಅದನ್ನು ಈಗ ಸರಿಮಾಡುತ್ತೇನೆ.

ವೇಗ ಇದ್ದರೆ ಯಾರಾದರೂ ಮಾಡಿಯಾರು ಅಂದಿರಿ. ಮಾಡಿ ನೋಡಿದವರಿದ್ದಾರೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಗೆದ್ದವರು ಜಿಮ್ ಹೈನ್ಸ್. ಮರುವರ್ಷ ಅವರು ಮಯಾಮಿ ಡಾಲ್ಫಿನ್ಸ್ ಫುಟ್‌ಬಾಲ್ ತಂಡ ಸೇರಿದರು. ಇಡೀ ಸೀಸನ್‌ನಲ್ಲಿ ಹಿಡಿದದ್ದು ಎರಡೇ ಚೆಂಡು. ಅದೇ ಒಲಿಂಪಿಕ್ಸ್‌ನ 200 ಮೀಟರ್ ವಿಜೇತ ಟಾಮಿ ಸ್ಮಿತ್ ಸಿನ್ಸಿನಾಟಿ ಬೆಂಗಾಲ್ಸ್ ತಂಡಕ್ಕೆ ಆಡಿದರು. ಹಿಡಿದದ್ದು ಒಂದೇ ಒಂದು. ಹೇಯ್ಸ್ ತಮ್ಮ ಇಡೀ ಆಟದ ಬದುಕಿನಲ್ಲಿ ಹಿಡಿದದ್ದು 371!

ಈ ವ್ಯತ್ಯಾಸ ಎಲ್ಲಿಂದ ಬಂತು? ಹೇಯ್ಸ್ ಆಡುತ್ತಿದ್ದ ರಿಸೀವರ್ ಸ್ಥಾನದ ಕೆಲಸ ಏನು ಅಂತ ನೋಡಿದರೆ ಗೊತ್ತಾಗುತ್ತದೆ. ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವವರು ರಿಸೀವರ್. ಎಷ್ಟು ಗಜ ಓಡಬೇಕು, ಎಲ್ಲಿ ಗಕ್ಕನೆ ತಿರುಗಬೇಕು ಅನ್ನುವುದೆಲ್ಲ ಮೊದಲೇ ಮಾತಾಗಿರುತ್ತದೆ. ಎಷ್ಟೋ ಸಲ ಅವರು ತಿರುಗುವ ಮೊದಲೇ ಚೆಂಡು ಗಾಳಿಯಲ್ಲಿರುತ್ತದೆ. ಒಂದು ಹೆಜ್ಜೆ ತಪ್ಪಿದರೆ ಚೆಂಡು ಎದುರಾಳಿ ಕೈಗೆ ಹೋಗಬಹುದು. ಹಿಡಿದರೂ ನೆಮ್ಮದಿಯಿಲ್ಲ, ಕೆಡವಲು ಡಿಫೆಂಡರ್ ಪಕ್ಕದಲ್ಲೇ ಇರುತ್ತಾರೆ. 100 ಮೀಟರ್ ಓಟದಲ್ಲಿ ಪಕ್ಕದ ಲೇನಿನವರು ಬಂದು ನಿಮ್ಮ ಸೊಂಟ ಹಿಡಿಯುವುದಿಲ್ಲ. ಕಬಡ್ಡಿ ಕಲಿಸಿದ ನಿಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಬರೀ ಓಟ ಬಲ್ಲ ಹುಡುಗ ಒಳ್ಳೆಯ ರೈಡರ್ ಆಗುತ್ತಾನೆಯೇ?

ಹೇಯ್ಸ್ ಈ ಆಟವನ್ನು ಹುಡುಗನಾಗಿದ್ದಾಗಿನಿಂದ ಆಡಿದವರು. ಹುಟ್ಟಿದ್ದು 1942ರಲ್ಲಿ, ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ. ಆಗ ಕರಿಯರ ಶಾಲೆಗಳೇ ಬೇರೆ, ಅವುಗಳ ಪಂದ್ಯಾವಳಿಯೂ ಬೇರೆ. 1958ರಲ್ಲಿ ಅವರ ಹೈಸ್ಕೂಲ್ ತಂಡ ಆಡಿದ 12 ಪಂದ್ಯವನ್ನೂ ಗೆದ್ದಿತು. ಆ ತಂಡದಲ್ಲಿ ಹೇಯ್ಸ್ ಇದ್ದರು, ಅದೂ ಬದಲಿ ಆಟಗಾರನಾಗಿ! ಆಮೇಲೆ ಫ್ಲಾರಿಡಾ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಜೇಕ್ ಗೇದರ್ ಎಂಬ ಹೆಸರಾಂತ ಕೋಚ್ ಕೈಕೆಳಗೆ ಪಳಗಿದರು. ಓಟ, ಫುಟ್‌ಬಾಲ್ ಎರಡೂ ಒಟ್ಟೊಟ್ಟಿಗೆ ನಡೆದವು. 1963ರಲ್ಲಿ 100 ಗಜವನ್ನು 9.1 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಟೋಕಿಯೊದಲ್ಲಿ ಚಿನ್ನ ಗೆದ್ದು ಬಂದವರು ಮತ್ತೆ ಕಾಲೇಜು ತಂಡದ ಹೆಲ್ಮೆಟ್ ಹಾಕಿಕೊಂಡರು.

ಟೋಕಿಯೊ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. 1964ರಲ್ಲಿ ಅಲ್ಲಿದ್ದದ್ದು ಇವತ್ತಿನ ರಬ್ಬರ್ ಟ್ರ್ಯಾಕ್ ಅಲ್ಲ, ಸಣ್ಣ ಹರಳು-ಪುಡಿ ಹಾಸಿದ ಸಿಂಡರ್ ಟ್ರ್ಯಾಕ್. 100 ಮೀಟರ್ ಫೈನಲ್‌ನಲ್ಲಿ ಹೇಯ್ಸ್‌ಗೆ ಸಿಕ್ಕಿದ್ದು ಒಂದನೇ ಲೇನ್. ಅದಕ್ಕೆ ಮೊದಲು ನಡೆದ ನಡಿಗೆ ಸ್ಪರ್ಧೆಯಲ್ಲಿ ಆ ಲೇನ್ ಕಿತ್ತುಹೋಗಿತ್ತು. ಸಾಲದ್ದಕ್ಕೆ ಒಂದು ಕಾಲಿನ ಶೂ ಕಾಣೆಯಾಗಿತ್ತು. ಬೇರೆಯವರ ಶೂ ಕಡ ತಂದು ಓಡಿದರು. ಆಗಿನ ವಿಶ್ವದಾಖಲೆಯಾದ 10.0 ಸೆಕೆಂಡನ್ನು ಸರಿಗಟ್ಟಿದರು. ನನಗೆ ಅದಕ್ಕಿಂತ ಇಷ್ಟ ರಿಲೇ ಓಟ. 4x100ರಲ್ಲಿ ಕೊನೆಯ ಓಟಗಾರ ಹೇಯ್ಸ್. ಕೈಗೆ ಬೇಟನ್ ಬಂದಾಗ ಅಮೆರಿಕ ಐದನೇ ಸ್ಥಾನದಲ್ಲಿತ್ತು. ಮುಂದಿದ್ದ ಎಲ್ಲರನ್ನೂ ದಾಟಿ, ಸುಮಾರು ಮೂರು ಮೀಟರ್ ಅಂತರದಲ್ಲಿ ಗೆದ್ದರು. ತಂಡದ ಸಮಯ 39.06 ಸೆಕೆಂಡ್, ಅದೂ ವಿಶ್ವದಾಖಲೆ.

ಡಲ್ಲಾಸ್ ಕೌಬಾಯ್ಸ್ ತಂಡ ಅವರನ್ನು ಅದೇ ವರ್ಷದ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ಏಳನೇ ಸುತ್ತಿನಲ್ಲಿ ಆರಿಸಿತ್ತು. ಏಳನೇ ಸುತ್ತು ಅಂದರೆ ದೊಡ್ಡ ನಂಬಿಕೆಯೇನಲ್ಲ. 1965ರ ಮೊದಲ ಸೀಸನ್‌ನಲ್ಲೇ ಅವರು 46 ಚೆಂಡು ಹಿಡಿದು ತಂಡವನ್ನು ಒಟ್ಟು 1,003 ಗಜ ಮುಂದೆ ಒಯ್ದರು, 12 ಸಲ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಮಾಡಿದರು. ಮುಂದಿನ ವರ್ಷ 1,232 ಗಜ. ಒಬ್ಬ ರಿಸೀವರ್ ಹಿಂದೆ ಒಬ್ಬ ಡಿಫೆಂಡರ್ ಬಿಡುವುದು ಆಗ ಸಾಮಾನ್ಯ ಪದ್ಧತಿ. ಹೇಯ್ಸ್ ಹಿಂದೆ ಓಡಿ ಗೆಲ್ಲುವವರು ಯಾರು? ಒಬ್ಬರು ಸಾಲದೆ ಇಬ್ಬರನ್ನು ಬಿಟ್ಟರು. ಆಟಗಾರನ ಬದಲು ಜಾಗವನ್ನು ಕಾಯುವ ಪದ್ಧತಿಯೂ ಹಬ್ಬಿತು. ಆ ಪದ್ಧತಿ ಮೊದಲೇ ಇತ್ತು, ಆದರೆ ಅಷ್ಟು ಬೇಗ ಹಬ್ಬಲು ಹೇಯ್ಸ್ ಒಂದು ದೊಡ್ಡ ಕಾರಣ.

ಸೋತ ದಿನವೂ ಇದೆ. 1967ರ ಡಿಸೆಂಬರ್ 31ರಂದು ಗ್ರೀನ್ ಬೇಯಲ್ಲಿ ಚಾಂಪಿಯನ್‌ಷಿಪ್ ಪಂದ್ಯ. ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿ. ಫ್ಲಾರಿಡಾ ಬಿಸಿಲಲ್ಲಿ ಬೆಳೆದ ಹೇಯ್ಸ್, ಚೆಂಡು ತಮ್ಮ ಕಡೆ ಬಾರದ ಆಟಗಳಲ್ಲಿ ಕೈಗಳನ್ನು ಪ್ಯಾಂಟಿನೊಳಗೆ ಬೆಚ್ಚಗೆ ಇಟ್ಟುಕೊಂಡರು. ಎದುರಾಳಿಗಳು ಅದನ್ನು ಗಮನಿಸಿದರು. ಕೈ ಒಳಗಿದ್ದರೆ ಚೆಂಡು ಈ ಕಡೆ ಬರಲ್ಲ ಅಂತ ತಿಳಿದುಬಿಟ್ಟರು! ಡಲ್ಲಾಸ್ 17–21ರಲ್ಲಿ ಸೋತಿತು. 1972ರ ಜನವರಿಯಲ್ಲಿ ಮಯಾಮಿಯನ್ನು 24–3ರಿಂದ ಸೋಲಿಸಿ, ಸೀಸನ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಾಗ ಹೇಯ್ಸ್ ತಂಡದಲ್ಲಿದ್ದರು. ಒಲಿಂಪಿಕ್ ಚಿನ್ನ, ಗೆದ್ದ ತಂಡದವರಿಗೆ ಕೊಡುವ ಸೂಪರ್ ಬೌಲ್ ಉಂಗುರ ಎರಡೂ ಇರುವವರು ಇವತ್ತಿಗೂ ಅವರೊಬ್ಬರೇ.

ಇನ್ನು ಜೈಲಿನ ವಿಷಯ. ಅದನ್ನು ಮುಚ್ಚಿಡಬಾರದು, ನಿಜ. 1975ರಲ್ಲಿ ಆಟ ಮುಗಿಯಿತು. ಕುಡಿತ ಅಂಟಿತ್ತು. 1979ರಲ್ಲಿ ಮಾದಕ ವಸ್ತು ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು, ಸುಮಾರು 10 ತಿಂಗಳು ಜೈಲಿನಲ್ಲಿದ್ದರು. ಇದನ್ನು ಬಿಟ್ಟು ಬರೆದಿದ್ದರೆ ನಿಮ್ಮ ಸಿಟ್ಟು ಸರಿ. ಆದರೆ ಇದೊಂದನ್ನೇ ಹಿಡಿದು 7,414 ಗಜ, 71 ಟಚ್‌ಡೌನ್ ಅಳಿಸುವುದನ್ನು ನಾನು ಒಪ್ಪಲಾರೆ. ತಪ್ಪು ಮಾಡಿದರು, ಶಿಕ್ಷೆ ಅನುಭವಿಸಿದರು. ಆಟದ ಗೌರವ ಬಹಳ ತಡವಾಗಿ ಬಂತು. ಡಲ್ಲಾಸ್ ತಂಡ ತನ್ನ ಗೌರವ ಪಟ್ಟಿಗೆ ಅವರನ್ನು ಸೇರಿಸಿದ್ದು 2001ರಲ್ಲಿ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು, 59ನೇ ವಯಸ್ಸಿಗೆ. ವೃತ್ತಿಪರ ಫುಟ್‌ಬಾಲ್‌ನ ಶ್ರೇಷ್ಠರಿಗೆ ಸಿಗುವ ಹಾಲ್ ಆಫ್ ಫೇಮ್ ಗೌರವ ಬಂದದ್ದು 2009ರಲ್ಲಿ. ಏಳು ವರ್ಷ ಮುಂಚೆ ಬಂದಿದ್ದರೆ ಅವರೇ ವೇದಿಕೆ ಹತ್ತುತ್ತಿದ್ದರಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ನಿಮ್ಮ ಮನೆ ಹತ್ತಿರದ ಶಾಲೆ ಹುಡುಗರಿಗೆ ಆ ರಿಲೇ ಓಟ ತೋರಿಸಿ, ಮೇಷ್ಟ್ರೇ. ಕೊನೆಯ ಬೇಟನ್ ಕೈ ಬದಲಾದಾಗ ಹೇಯ್ಸ್ ಮುಂದೆ ಎಷ್ಟು ಜನ ಇದ್ದಾರೆ ಅಂತ ಅವರೇ ಎಣಿಸಲಿ. ಆಮೇಲೆ ಜೈಲಿನ ಕಥೆಯನ್ನೂ ಹೇಳಿ. ಹುಡುಗರು ಏನಂದರು ಅಂತ ನನಗೆ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇನೆ.