ಏಳು ಸೀಟಿನ ಕಾರಿಗೆ ಹಿಚ್ ಕ್ಯಾರಿಯರ್: ಲಗೇಜ್ ಹಿಂದೆ, ತೊಂದರೆ ಮುಂದಿನ ಚಕ್ರಕ್ಕೆ

ಹಾವೇರಿಯಿಂದ ಏಳು ಜನ ಗೋಕರ್ಣದ ಕಡೆ ಹೊರಟಿದ್ದೀರಿ, ಡಿಕ್ಕಿಯಲ್ಲಿ ಜಾಗ ಸಾಲುವುದಿಲ್ಲ, ಕಾರಿನ ಹಿಂದೆ ಹಿಚ್ (ಟ್ರೇಲರ್ ಸಿಕ್ಕಿಸುವಂಥ ಕಬ್ಬಿಣದ ಕೊಂಡಿ) ಹಾಕಿಸಿ, ಅದಕ್ಕೆ ಲಗೇಜ್ ಇಡುವ ಕ್ಯಾರಿಯರ್ ಕೂರಿಸಿದರೆ ಎಷ್ಟು ಭಾರ ಹೇರಬಹುದು, ಯಾವ ಕ್ಯಾರಿಯರ್ ಒಳ್ಳೆಯದು ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಇದನ್ನೇ ಮಾಡಿಸಿ, ಅದೇ ಕರಾವಳಿಯ ಕಡೆ ಹೋಗಿ ಬಂದವನು.

ನಮ್ಮದೂ ಮೂರು ಸಾಲಿನ ಕಾರು. ಮೂರನೇ ಸಾಲಿನಲ್ಲಿ ಜನ ಕೂತರೆ ಡಿಕ್ಕಿಯಲ್ಲಿ ಎರಡು ಚೀಲ ಹಿಡಿಯುವುದೇ ಕಷ್ಟ. ಕುಮಟಾದಲ್ಲಿ ತಂಗಿಯ ಮಗಳ ನಿಶ್ಚಯ ಇತ್ತು. ನಮ್ಮ ಕಡೆಯ ಸಾಮಾನು ಗೊತ್ತಲ್ಲ: ಸೀರೆಗಳ ಸೂಟ್‌ಕೇಸ್, ದೊಡ್ಡ ಪಾತ್ರೆ, ಅಕ್ಕಿ ಚೀಲ, ಕಟಕ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಆನ್‌ಲೈನ್‌ನಲ್ಲಿ ಕಬ್ಬಿಣದ ಕ್ಯಾರಿಯರ್ ಸಿಕ್ಕಿತು. ಡಬ್ಬದ ಮೇಲೆ 500 ಪೌಂಡ್ ಅಂತ ಬರೆದಿತ್ತು, ಅಂದರೆ 227 ಕೆಜಿ. ನಮ್ಮ ಲಗೇಜ್ 120 ಕೆಜಿ ದಾಟುವುದಿಲ್ಲ, ಇನ್ನೂ ನೂರು ಕೆಜಿ ಉಳಿಯುತ್ತದೆ ಅಂದುಕೊಂಡೆ. ಹಿಚ್ ಮಾತ್ರ ನಮ್ಮ ಕಾರಿಗೆ ಸಿದ್ಧವಾಗಿ ಸಿಗಲಿಲ್ಲ. ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಒಬ್ಬರ ಹತ್ತಿರ ಮಾಡಿಸಿದೆ. "ಏನೂ ಆಗಂಗಿಲ್ರಿ, ಇದರ ಮ್ಯಾಲೆ ಆನಿ ನಿಂದರಬಹುದು" ಅಂದರು. ಅವರ ವೆಲ್ಡಿಂಗ್ ನಿಜವಾಗಿಯೂ ಚೆನ್ನಾಗಿತ್ತು. ಹಿಚ್ ಕೊನೆಯವರೆಗೂ ಮುರಿಯಲಿಲ್ಲ.

ನನ್ನ ತಪ್ಪು ಆ 227ರಲ್ಲೇ ಇತ್ತು. ನೀವೂ ಈಗ ಅದೇ ಅಂಕಿಯನ್ನು ನೋಡುತ್ತಿದ್ದೀರಿ ಅನ್ನಿಸುತ್ತದೆ, ಅದಕ್ಕೇ ಇದನ್ನು ಸ್ವಲ್ಪ ಜಾಸ್ತಿ ಬಿಡಿಸಿ ಹೇಳುತ್ತೇನೆ.

ಆ 227 ಕ್ಯಾರಿಯರ್‌ನ ಕಬ್ಬಿಣ ಎಷ್ಟು ತಡೆಯುತ್ತದೆ ಅನ್ನುವ ಲೆಕ್ಕ. ನಿಮ್ಮ ಕಾರು ಎಷ್ಟು ತಡೆಯುತ್ತದೆ ಅನ್ನುವುದಲ್ಲ. ಇಂಥ ಕ್ಯಾರಿಯರ್‌ಗಳು ಹುಟ್ಟಿದ್ದು ಅಮೆರಿಕದ ದೊಡ್ಡ ಪಿಕಪ್, ಎಸ್‌ಯುವಿಗಳಿಗಾಗಿ. ಕಾರಿಗೆ ಬೇರೆಯದೇ ಮಿತಿ ಇದೆ. ಹಿಚ್ ಮೇಲೆ ಕೆಳಮುಖವಾಗಿ ಬೀಳಬಹುದಾದ ಗರಿಷ್ಠ ಭಾರ ಅದು, ಟಂಗ್ ವೇಟ್ ಅಂತಾರೆ. ಯುರೋಪಿನಲ್ಲಿ ಮಾರುವ ಸಣ್ಣ, ಮಧ್ಯಮ ಕಾರುಗಳಿಗೆ ಅದು ಸಾಮಾನ್ಯವಾಗಿ 50ರಿಂದ 100 ಕೆಜಿ ಅಷ್ಟೇ. ಅದರಲ್ಲಿ ಕ್ಯಾರಿಯರ್‌ನ ಸ್ವಂತ ತೂಕವೂ ಸೇರಿತು. ನಮ್ಮದು 30 ಕೆಜಿ ಇತ್ತು. ಕ್ಯಾರಿಯರ್, ಹಿಚ್, ಕಾರು, ಈ ಮೂರರಲ್ಲಿ ಯಾವುದರ ಮಿತಿ ಕಡಿಮೆಯೋ ಅದೇ ನಿಮ್ಮ ಮಿತಿ.

ಇನ್ನೊಂದು, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಭಾರ ಬಿದ್ದದ್ದು ಹಿಂದಿನ ಚಕ್ರಗಳ ಮೇಲಲ್ಲ, ಅವುಗಳ ಹಿಂದೆ. ನಮ್ಮ ಕಾರಿನ ಮುಂದಿನ ಆಕ್ಸಲ್‌ಗೂ (ಚಕ್ರಗಳ ಅಚ್ಚು) ಹಿಂದಿನ ಆಕ್ಸಲ್‌ಗೂ ನಡುವೆ ಸುಮಾರು 2.7 ಮೀಟರ್. ಕ್ಯಾರಿಯರ್‌ನ ನಡುಭಾಗ ಹಿಂದಿನ ಆಕ್ಸಲ್‌ನಿಂದ ಸುಮಾರು 1.4 ಮೀಟರ್ ಆಚೆ. ಲಗೇಜ್, ಕ್ಯಾರಿಯರ್ ಸೇರಿ 150 ಕೆಜಿ. 150ನ್ನು 1.4ರಿಂದ ಗುಣಿಸಿ 2.7ರಿಂದ ಭಾಗಿಸಿ. 78 ಬರುತ್ತದೆ. ಅಂದರೆ ಮುಂದಿನ ಚಕ್ರಗಳ ಮೇಲಿಂದ 78 ಕೆಜಿ ಎದ್ದುಹೋಯಿತು. ಹಿಂದಿನ ಆಕ್ಸಲ್ ಮೇಲೆ 150 ಅಲ್ಲ, 228 ಕೆಜಿ ಕೂತಿತು. ಅದರ ಜೊತೆಗೆ ಮೂರನೇ ಸಾಲಿನ ಜನ. ಹಂಪ್ ಹಾರಿದಾಗ, ಗುಂಡಿಗೆ ಬಿದ್ದಾಗ ಈ ಏಟು ಇನ್ನೂ ಜಾಸ್ತಿ. ನಮ್ಮದು ಮುಂದಿನ ಚಕ್ರ ತಿರುಗಿ ಓಡುವ ಕಾರು. ಎಳೆಯುವುದೂ ಅವೇ ಚಕ್ರ, ತಿರುಗಿಸುವುದೂ ಅವೇ, ಬ್ರೇಕ್‌ನ ಹೆಚ್ಚಿನ ಪಾಲು ಹೊರುವುದೂ ಅವೇ. ಅವನ್ನೇ ನಾನು ಹಗುರ ಮಾಡಿಬಿಟ್ಟಿದ್ದೆ.

ಸೂಚನೆ ಸಿಗಲಿಲ್ಲ ಅಂತಲ್ಲ. ಬೆಳಗಿನ ಜಾವ ಹೊರಟಿದ್ದೆವು. ಕಲಘಟಗಿ ದಾಟುವ ಹೊತ್ತಿಗೆ ಎದುರು ಬರುವ ಲಾರಿಗಳೆಲ್ಲ ನಮಗೆ ಲೈಟ್ ಹೊಡೆಯುತ್ತಿದ್ದವು. ನಾನು ಲೋ ಬೀಮ್‌ನಲ್ಲೇ ಇದ್ದೆ. ಹಿಂಭಾಗ ಕೂತು ಮೂತಿ ಎತ್ತಿದ್ದರಿಂದ ನಮ್ಮ ಹೆಡ್‌ಲೈಟ್ ನೇರ ಅವರ ಕಣ್ಣಿಗೆ ಹೊಡೆಯುತ್ತಿತ್ತು. ಸ್ಟೀರಿಂಗ್ ಹಗುರವಾಗಿತ್ತು, ರಸ್ತೆ ಚೆನ್ನಾಗಿದೆ ಅಂದುಕೊಂಡೆ. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದೆವು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರ ತಾನಾಗಿ ಮುಂದಕ್ಕೆ ಬರುತ್ತದೆ, ಹಾಗಾಗಿ ಏನೂ ಗೊತ್ತಾಗಲಿಲ್ಲ. ಕುಮಟಾದಲ್ಲಿ ಬಿಚ್ಚಿ ನೋಡಿದರೆ ಸೈಲೆನ್ಸರ್ ಪಕ್ಕದ ಚೀಲದ ಮೂಲೆ ಕರಗಿತ್ತು. ರೊಟ್ಟಿ ಡಬ್ಬಿಯಲ್ಲಿ ಹೊಗೆಯ ವಾಸನೆ. ಅತ್ತೆ ಬಡಿದು ತಂದ ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಓಡುವ ಕಾರಿನ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಹೊಗೆ, ದೂಳು, ಕೆಸರು ಎಲ್ಲ ಅಲ್ಲಿಗೇ ಎಳೆದುಕೊಂಡು ಬರುತ್ತದೆ. ಗದಗ, ನವಲಗುಂದ ಕಡೆಯ ಎರೆ ಮಣ್ಣಿನ ರಸ್ತೆಗೆ ಇಳಿದರೆ ಇನ್ನೂ ಕಷ್ಟ. ಟಾರ್ಪಾಲಿನ್ ಹೊದಿಸಿದರೂ ಜಿಪ್ ಸಂದಿಯಲ್ಲಿ ನುಗ್ಗುತ್ತದೆ.

ವಾಪಸ್ ಬರುವಾಗ ಲಗೇಜ್ ಕಡಿಮೆ ಆಗಲಿಲ್ಲ. ಅಕ್ಕಿ ಹೋದ ಜಾಗಕ್ಕೆ ತೆಂಗಿನಕಾಯಿ ಬಂತು. ಮಳೆ ಹಿಡಿದಿತ್ತು. ಅರಬೈಲ್ ಏರುವಾಗ ಒಂದು ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದ್ದೇನೆ, ಕಾರು ಮಾತ್ರ ನೇರ ಹೋಗುತ್ತಿದೆ. ಮುಂದಿನ ಚಕ್ರ ನಿಂತಲ್ಲೇ ಸುತ್ತುತ್ತಿತ್ತು. ಎದುರಿನ ಸಾಲಿಗೆ ಅರ್ಧ ಕಾರು ಹೋಗಿ ನಿಂತಿತು. ಮೇಲಿಂದ ಇಳಿಯುತ್ತಿದ್ದ ಲಾರಿಯವನು ದೂರದಿಂದಲೇ ನೋಡಿ ನಿಲ್ಲಿಸಿದ. ಅವನು ಹಾಗೆ ನಿಲ್ಲಿಸದೇ ಇದ್ದಿದ್ದರೆ ಈ ಉತ್ತರ ಬರೆಯಲು ನಾನಿರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು.

ಎಲ್ಲರೂ ಮಳೆಯಲ್ಲೇ ಇಳಿದೆವು. ನವಲಗುಂದ ಕಡೆ ಒಕ್ಕಲುತನ ಮಾಡುವ ನಮ್ಮ ಮಾವ ಕಾರಿನ ಪಕ್ಕ ನಿಂತು ಒಂದೇ ಸಲ ನೋಡಿ ಹೇಳಿದರು: "ಹಿಂದಭಾರ ಆಗೇತಿ. ಚಕ್ಕಡಿಗೆ ಹಿಂದ ಹೇರಿದರ ಎತ್ತಿನ ಹೆಗಲ ಮ್ಯಾಲೆ ನೊಗ ನಿಂದರತೈತೇನು?" ನಾನು ಮೇಲೆ ಗುಣಿಸಿ ಭಾಗಿಸಿ ತೋರಿಸಿದ್ದೆಲ್ಲ ಈ ಮಾತಿನಲ್ಲಿದೆ. ತೆಂಗಿನಕಾಯಿ, ಪಾತ್ರೆ ಇಳಿಸಿ ಯಲ್ಲಾಪುರದ ಕಡೆ ಹೊರಟಿದ್ದ ಒಂದು ಪಿಕಪ್‌ಗೆ ಹಾಕಿದೆವು. ಕಾರು ಸಲೀಸಾಗಿ ಏರಿತು.

ಊರಿಗೆ ಬಂದು ಲಿಫ್ಟ್ ಮೇಲೆ ಎತ್ತಿದಾಗ ಉಳಿದದ್ದು ಕಂಡಿತು. ಹಿಚ್ ಗಟ್ಟಿಯಾಗಿತ್ತು, ಅದನ್ನು ಬೋಲ್ಟ್ ಮಾಡಿದ್ದ ಕಾರಿನ ತಗಡು ಹರಿದಿತ್ತು. ನಮ್ಮಂಥ ಬಹುತೇಕ ಫ್ಯಾಮಿಲಿ ಕಾರುಗಳಿಗೆ ಬೊಲೆರೊ, ಇನ್ನೋವಾ ಕ್ರಿಸ್ಟಾಗೆ ಇರುವ ಹಾಗೆ ಬೇರೆ ಚಾಸಿ, ಅಂದರೆ ಬಾಡಿಯ ಕೆಳಗೆ ದಪ್ಪ ಕಬ್ಬಿಣದ ಚೌಕಟ್ಟು, ಇರುವುದಿಲ್ಲ. ಮಡಚಿದ ತಗಡಿನ ಬಾಡಿಯೇ ಎಲ್ಲವನ್ನೂ ಹೊರುತ್ತದೆ. ಬಂಪರ್ ಒಳಗಿನ ಪಟ್ಟಿ ಇರುವುದು ಹಿಂದಿನಿಂದ ಗುದ್ದಿದಾಗ ನಜ್ಜುಗುಜ್ಜಾಗಿ ಪೆಟ್ಟು ತಿನ್ನುವುದಕ್ಕೆ. ಮೇಲಿಂದ ಕೆಳಗೆ ನೇತಾಡುವ ಭಾರಕ್ಕಲ್ಲ. ಡಿಕ್ಕಿಯ ನೆಲದಲ್ಲಿ ಸೀಳು, ಹಿಂದಿನ ಸ್ಪ್ರಿಂಗ್ ಎರಡೂ ಕೂತಿದ್ದವು. 40 ಸಾವಿರದ ಮೇಲೆ ಖರ್ಚು ಬಂತು. ಇನ್ಶೂರೆನ್ಸ್‌ನವರು ತಿಳಿಸದೆ ಮಾಡಿದ ಬದಲಾವಣೆ ಅಂತ ಒಂದು ರೂಪಾಯಿ ಕೊಡಲಿಲ್ಲ.

ಕಾನೂನೂ ನಿಮ್ಮ ಪರ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಇದಕ್ಕೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಸೇರಿಸಿದ್ದಾರೆ. ಮಿತಿ ಮೀರಿ ಹೊರಗೆ ಚಾಚಿದ ಹೊರೆಗೆ 20,000 ರೂಪಾಯಿ ದಂಡ. ಜೊತೆಗೆ ಕ್ಯಾರಿಯರ್ ನಿಮ್ಮ ನಂಬರ್ ಪ್ಲೇಟ್ ಮುಚ್ಚುತ್ತದೆ, ಬ್ರೇಕ್ ಲೈಟ್ ಮರೆಮಾಡುತ್ತದೆ. ದಂಡಕ್ಕಿಂತ ನನಗೆ ಈ ಬ್ರೇಕ್ ಲೈಟ್‌ನದೇ ಹೆಚ್ಚು ಭಯ. ರಾತ್ರಿ ಹಿಂದೆ ಬರುವ ಬಸ್ಸಿಗೆ ನೀವು ನಿಂತದ್ದು ಗೊತ್ತಾಗಬೇಕಲ್ವಾ?

ಹಾಗಾಗಿ ಯಾವ ಕ್ಯಾರಿಯರ್ ಒಳ್ಳೆಯದು ಅನ್ನುವ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ನಿಮಗೆ ಕಡಿಮೆ ಬಿದ್ದಿರುವುದು ಜಾಗ ಅಲ್ಲ, ತೂಕದ ಅವಕಾಶ. ದೊಡ್ಡವರು ಏಳು ಜನ ಅಂದರೆ ತಲೆಗೆ 65ರಂತೆ 455 ಕೆಜಿ ಆಗಲೇ ಆಯಿತು. ನಿಮ್ಮ ಕಾರಿನ ಒಟ್ಟು ತೂಕದ ಮಿತಿಯಲ್ಲಿ ಖಾಲಿ ಕಾರಿನ ತೂಕ ಕಳೆದು, ಅದರಲ್ಲಿ ಈ 455 ಕಳೆದು ನೋಡಿ. ಉಳಿಯುವುದು ಬಹಳ ಕಡಿಮೆ. ಅದನ್ನು ಹಿಂದೆ ಕಟ್ಟಿದರೂ ಅಷ್ಟೇ, ತಲೆ ಮೇಲೆ ಕಟ್ಟಿದರೂ ಅಷ್ಟೇ. ಕಾರಿನ ಛಾವಣಿ ಮೇಲಿನ ಕ್ಯಾರಿಯರ್‌ನಲ್ಲಿ ಭಾರ ಎರಡು ಆಕ್ಸಲ್‌ಗಳ ನಡುವೆ ಇರುತ್ತದೆ, ಅದೊಂದು ಅನುಕೂಲ. ಆದರೆ ಅಲ್ಲೂ ಹಾಸಿಗೆ, ಬಟ್ಟೆಯಂಥ ಹಗುರ ಸಾಮಾನು ಮಾತ್ರ, ಮ್ಯಾನ್ಯುವಲ್‌ನಲ್ಲಿ ಹೇಳಿದ ತೂಕದೊಳಗೆ. ಮೇಲೆ ಭಾರ ಹೇರಿದರೆ ತಿರುವಿನಲ್ಲಿ ಕಾರು ವಾಲುತ್ತದೆ.

ನಾನೀಗ ಭಾರದ ಸಾಮಾನನ್ನು ಒಂದು ದಿನ ಮೊದಲೇ ಸಾರಿಗೆ ಬಸ್ಸಿನ ಪಾರ್ಸೆಲ್‌ಗೆ, "ನಮ್ಮ ಕಾರ್ಗೋ"ಗೆ ಹಾಕುತ್ತೇನೆ. ಅಕ್ಕಿ, ಎಣ್ಣೆ ಅಲ್ಲೇ ಕೊಳ್ಳುತ್ತೇನೆ. ಜನ, ಸಾಮಾನು ಎರಡೂ ಜಾಸ್ತಿ ಇದ್ದರೆ ಟೆಂಪೊ ಟ್ರಾವೆಲರ್ ಹೇಳುತ್ತೇನೆ. ಸುಮ್ನೆ ದುಡ್ಡು ದಂಡ ಅಂತ ಮನೆಯಲ್ಲಿ ಒಬ್ಬರಾದರೂ ಅನ್ನುತ್ತಾರೆ. ಅನ್ನಲಿ.

ಚಾಸಿ ಇರುವ ಗಾಡಿ, ಕಂಪನಿಯೇ ಒಪ್ಪಿದ ಹಿಚ್, ಮ್ಯಾನ್ಯುವಲ್‌ನಲ್ಲಿ ಬರೆದ ಟಂಗ್ ವೇಟ್, ಈ ಮೂರೂ ಇದ್ದರೆ ನನ್ನ ವಿರೋಧ ಇಲ್ಲ. ಆಗಲೂ ಭಾರದ್ದು ಕಾರಿನ ಬದಿಗೆ, ಹಗುರದ್ದು ಹೊರಬದಿಗೆ ಇಡಿ. ಸೈಲೆನ್ಸರ್ ಬಾಯಿಯಿಂದ ಚೀಲ ದೂರ ಇರಲಿ. ಲೈಟ್, ನಂಬರ್ ಪ್ಲೇಟ್ ಕಾಣಲಿ. ಬೆಲ್ಟ್ ಹೊರಟ ಸ್ವಲ್ಪ ಹೊತ್ತಿಗೇ ಸಡಿಲಾಗುತ್ತದೆ, ನಿಲ್ಲಿಸಿ ಮತ್ತೆ ಬಿಗಿಯಿರಿ.

ಈಗಾಗಲೇ ಮುಂಗಡ ಕೊಟ್ಟು ಹಾಕಿಸಿಬಿಟ್ಟಿದ್ದರೆ, ಘಾಟ್ ಕಡೆ ಹೋಗುವ ಮೊದಲು ಒಂದು ವೇ ಬ್ರಿಜ್‌ಗೆ (ಗಾಡಿ ತೂಗುವ ಕಾಟಾ) ಹೋಗಿ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ, ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ, ಇಂಥ ಕಡೆ ಸಿಗುತ್ತದೆ. ಏಳೂ ಜನ ಕೂತು, ಕ್ಯಾರಿಯರ್ ಖಾಲಿ ಇಟ್ಟು, ಮುಂದಿನ ಚಕ್ರಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳಿ. ಆಮೇಲೆ ಲಗೇಜ್ ಪೂರ್ತಿ ಹೇರಿ ಮತ್ತೆ ಮುಂದಿನ ಚಕ್ರ ತೂಗಿ. ಎಷ್ಟು ಕಡಿಮೆ ಆಯಿತೋ ಅಷ್ಟು ಭಾರ ಮುಂದಿನ ಚಕ್ರಗಳಿಂದ ಎದ್ದುಹೋಗಿದೆ ಅಂತ ಅರ್ಥ. ಕೊನೆಗೆ ಇಡೀ ಕಾರನ್ನು ತೂಗಿ ಮ್ಯಾನ್ಯುವಲ್‌ನ ಮಿತಿಗೆ ಹೋಲಿಸಿ. ಆ ಚೀಟಿಗಳನ್ನು ಮನೆಯವರ ಮುಂದೆ ಇಟ್ಟು, ಯಾವ ಚೀಲ ಬಸ್ಸಿಗೆ ಅಂತ ಅಲ್ಲೇ ತೀರ್ಮಾನ ಮಾಡಿ.