ಕೈ ಕಟ್ಟಿ ಉಣಿಸಬೇಕೇ?

ಡೊಂಬಿವಲಿಯ ಸಹೋದರಿಗೆ,

ಅಲ್ಜೈಮರ್ ಕಾಯಿಲೆಯ ಕೊನೆಯ ಹಂತದಲ್ಲಿರುವ ನಿಮ್ಮ ತಾಯಿ ಮೂಗಿನಿಂದ ಹೊಟ್ಟೆಗೆ ಇಳಿಸಿದ್ದ ಆಹಾರದ ನಳಿಗೆಯನ್ನು ಎರಡು ಸಲ ಕಿತ್ತುಹಾಕಿದ್ದಾರೆ. ಮತ್ತೆ ಹಾಕಿದರೆ ಕೈಗಳನ್ನು ಮಂಚಕ್ಕೆ ಕಟ್ಟಬೇಕಾಗುತ್ತದೆ ಎಂದು ನರ್ಸ್ ಹೇಳಿದರೆ, ಹಾಕಿಸದಿದ್ದರೆ ಅಮ್ಮನನ್ನು ಉಪವಾಸ ಕೆಡವಿ ಕೊಂದಂತೆ ಎಂದು ಕುಂದಾಪುರದ ಅಣ್ಣ ಫೋನಿನಲ್ಲಿ ಹೇಳುತ್ತಾರೆ. ಏನು ಮಾಡಲಿ ಎಂದು ಕೇಳಿದ್ದೀರಿ.

ನನ್ನ ಅಭಿಪ್ರಾಯದಲ್ಲಿ ನಳಿಗೆಯನ್ನು ಮತ್ತೆ ಹಾಕಿಸಬೇಕಾಗಿಲ್ಲ. ಪಾರ್ಶ್ವವಾಯು ಬಡಿದವರು ಕೆಲವು ಕಾಲ ನಳಿಗೆಯಲ್ಲಿದ್ದು ಚೇತರಿಸಿಕೊಂಡದ್ದನ್ನು ಅಣ್ಣ ಕಂಡಿರಬಹುದು. ಅಲ್ಜೈಮರ್‌ನಂಥ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಬಲಿತಾಗ ಕಳೆದುಹೋದ ನುಂಗುವ ಶಕ್ತಿ ಹಾಗೆ ಮರಳುವುದಿಲ್ಲ. ನಳಿಗೆಯಿಂದ ಆಯುಸ್ಸು ಹೆಚ್ಚುತ್ತದೆ ಎನ್ನುವುದಕ್ಕಾಗಲಿ, ಆಹಾರ ಶ್ವಾಸಕೋಶಕ್ಕೆ ಇಳಿದು ಬರುವ ನ್ಯುಮೋನಿಯಾ ತಪ್ಪುತ್ತದೆ ಎನ್ನುವುದಕ್ಕಾಗಲಿ ಆಧಾರ ದೊರೆತಿಲ್ಲ. ಇಂಥ ರೋಗಿಗಳಿಗೆ ನಳಿಗೆ ಬೇಡ, ಎಚ್ಚರದಿಂದ ಕೈಯಲ್ಲಿ ಉಣಿಸಿ ಎಂದು ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ 2014ರಲ್ಲೇ ಹೇಳಿದೆ. ಏಕೆ ಕಟ್ಟಿದ್ದಾರೆಂದು ಅರಿಯಲಾರದ ಜೀವವನ್ನು ದಿನವಿಡೀ ಕಟ್ಟಿಹಾಕುವುದು ಹಿಂಸೆ. ಅಲುಗಾಡದ ಮೈಗೆ ಹಾಸಿಗೆ ಹುಣ್ಣೂ ಬೇಗ ಆಗುತ್ತದೆ.

ಮೊದಲು, ಅಮ್ಮ ಸರಿಯಾಗಿ ಉಣ್ಣದಿರುವುದಕ್ಕೆ ಬಾಯಿಹುಣ್ಣು, ಹಲ್ಲುನೋವು, ಮಲಬದ್ಧತೆ, ಮಂಪರು ತರುವ ಮಾತ್ರೆ ಇಂಥ ಸರಿಪಡಿಸಬಹುದಾದ ಕಾರಣಗಳೇನಾದರೂ ಇವೆಯೇ ಎಂದು ವೈದ್ಯರಿಂದ ನೋಡಿಸಿ. ಬಳಿಕ ಬೆನ್ನು ನೇರವಾಗಿ ಕೂರಿಸಿ, ಗಟ್ಟಿಯಾದ ರಾಗಿ ಅಂಬಲಿಯನ್ನೋ ಮೆತ್ತಗಿನ ಗಂಜಿಯನ್ನೋ ಚಿಕ್ಕ ಚಮಚದಲ್ಲಿ, ಹಿಂದಿನ ತುತ್ತು ಇಳಿದಿದೆಯೆಂದು ಖಚಿತಪಡಿಸಿಕೊಂಡೇ ಕೊಡಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಅಮ್ಮನನ್ನು ನೋಡಿಕೊಳ್ಳುವ ಮಾವಶಿ (ಆಯಾ) ಮರಾಠಿಯಲ್ಲಿ ಕರೆದರೆ ಮುಖ ತಿರುಗಿಸುವ ಅಮ್ಮ ನಿಮ್ಮ ಕೈಯಲ್ಲಿ ನಾಲ್ಕು ತುತ್ತು ತಿನ್ನುತ್ತಾರೆ ಎಂದಿದ್ದೀರಿ. ಮುಂಬೈಗೆ ಬಂದು ಕಲಿತ ನುಡಿ ಅಳಿದು ತಾಯ್ನುಡಿ ಉಳಿಯುವುದು ಈ ಕಾಯಿಲೆಯಲ್ಲಿ ಅಪರೂಪವಲ್ಲ. ‘ಅಮ್ಮಾ, ಬಾಯಿ ತೆರೀರಿ’ ಎನ್ನುವಷ್ಟು ಕನ್ನಡವನ್ನು ಮಾವಶಿಗೂ ಕಲಿಸಿ.

ಇಷ್ಟು ಮಾಡಿದರೂ ತೂಕ ಇಳಿಯುತ್ತದೆ, ಒಂದು ದಿನ ಅಮ್ಮ ಬಾಯಿಯನ್ನೇ ತೆರೆಯದಿರಬಹುದು. ಆಗ ಬಲವಂತ ಮಾಡದೆ ತುಟಿ, ನಾಲಿಗೆಗಳನ್ನು ಒದ್ದೆಯಾಗಿಡಿ. ಕಾಯಿಲೆ ಮಾಡುತ್ತಿರುವುದನ್ನು ನೀವು ಮಾಡಿದ್ದೆಂದು ದಯವಿಟ್ಟು ಭಾವಿಸಬೇಡಿ.

ಪ್ರಜ್ಞೆ ನೆಟ್ಟಗಿದ್ದಾಗ ಅಮ್ಮ ‘ನನ್ನನ್ನು ನಳಿಗೆ ಹಾಕಿ ಮಲಗಿಸಬೇಡಿ’ ಎಂದಿದ್ದರೆಂದು ನೀವೇ ಬರೆದಿದ್ದೀರಿ. ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಬರೆದಿಡುವ ಇಚ್ಛಾಪತ್ರಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ನೀಡಿದೆ. ಅಮ್ಮ ಬರೆದಿಟ್ಟಿಲ್ಲ, ಈಗ ಬರೆಯಿಸಲೂ ಆಗದು, ಆದರೂ ಮಕ್ಕಳ ಪಾಲಿಗೆ ಆ ಮಾತಿನ ತೂಕ ಕಡಿಮೆಯಾಗದು. ಅದನ್ನು ಅಣ್ಣನಿಗೆ ಹೇಳಿ, ವೈದ್ಯರೊಂದಿಗೆ ಅವರನ್ನು ನೇರವಾಗಿ ಮಾತನಾಡಿಸಿ, ನಿರ್ಧಾರವನ್ನು ಅಮ್ಮನ ಚಿಕಿತ್ಸೆಯ ಕಡತದಲ್ಲಿ ಬರೆಯಿಸಿ. ದೂರದಲ್ಲಿರುವವರ ಭಯವೇ ಅವರಿಂದ ಆ ಕಠಿಣ ಮಾತನ್ನು ಆಡಿಸಿರಬಹುದು. ಆದ್ದರಿಂದ ವಾದಿಸುವುದಕ್ಕಿಂತ, ಒಂದು ವಾರ ಬಂದು ಅಮ್ಮನ ಬಳಿ ಇರುವಂತೆ ಅವರನ್ನು ಕರೆಯಿರಿ.