ಮಂಗಳೂರಿನಲ್ಲಿ ಮಳೆ ಹೆಚ್ಚು, ಆದರೂ ಮುಳುಗುವುದು ಮುಂಬೈ ಏಕೆ?

ಮಳೆಯ ಒಟ್ಟು ಲೆಕ್ಕಕ್ಕಿಂತ ನೆಲದ ಮಟ್ಟ ಮುಖ್ಯ. ಮಂಗಳೂರಿನ ಬಹುಭಾಗ ಮುರಕಲ್ಲಿನ ಗುಡ್ಡಗಳ ಮೇಲಿದೆ, ನೀರು ಇಳಿದು ಹೋಗುತ್ತದೆ. ದಕ್ಷಿಣ ಮುಂಬೈ ಮೂಲದಲ್ಲಿ ಕೋಲಿ ಸಮುದಾಯದ ಮೀನುಗಾರರಿದ್ದ ಏಳು ದ್ವೀಪಗಳು. ನಡುವಿನ ಕಡಲನ್ನು 18-19ನೇ ಶತಮಾನಗಳಲ್ಲಿ ತುಂಬಿಸಿ ಒಂದುಗೂಡಿಸಿದರು. ಹಾಗೆ ತುಂಬಿಸಿದ ಜಾಗಗಳು ಇಂದಿಗೂ ತಗ್ಗಾಗಿಯೇ ಇವೆ.

ನಿಜವಾದ ತೊಡಕು ಉಬ್ಬರದ್ದು. ಮಳೆನೀರಿನ ಚರಂಡಿಗಳು ಕಡಲಿಗೋ ಅಳಿವೆಗೋ ತೆರೆದುಕೊಳ್ಳುತ್ತವೆ. ಉಬ್ಬರ ಸುಮಾರು 4.5 ಮೀಟರ್ ದಾಟಿದರೆ ಕಡಲ ನೀರೇ ಚರಂಡಿಯೊಳಗೆ ನುಗ್ಗುತ್ತದೆ. ಆಗ ಪಂಪ್ ಬಿಟ್ಟರೆ ಬೇರೆ ದಾರಿಯಿಲ್ಲ. ಹಳೆಯ ಚರಂಡಿಗಳ ಲೆಕ್ಕ ಗಂಟೆಗೆ 25 ಮಿ.ಮೀ. ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ ಬಿದ್ದದ್ದು 944 ಮಿ.ಮೀ.! ಆಮೇಲೆ ಚರಂಡಿಗಳ ಗುರಿಯನ್ನು ಗಂಟೆಗೆ 50 ಮಿ.ಮೀ.ಗೆ ಏರಿಸಿದರು.

ಮುಂಬೈಯ ಮೀಠಿ ನದಿಯ ದಡ ಒತ್ತುವರಿಯಾಗಿದೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಸೊರಗಿದೆ. 2011ರ ಜನಗಣತಿಯಂತೆ 1.24 ಕೋಟಿ ಜನರಿರುವ ಊರಿನಲ್ಲಿ ನೀರು ಇಂಗಲು ಬರಿ ಮಣ್ಣೇ ಅಪರೂಪ. ಈ ಕಾಂಡ್ಲಾ ಉಳಿಸಿಕೊಳ್ಳುವುದು ಪಂಪಿನಷ್ಟೇ ಮುಖ್ಯ ಎಂಬುದು ನನ್ನ ದೃಢ ಅಭಿಪ್ರಾಯ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಗೆ ಹೋಗುವವರು ಹವಾಮಾನ ಮುನ್ಸೂಚನೆಯ ಜೊತೆ ಆ ದಿನದ ಉಬ್ಬರದ ವೇಳೆಯನ್ನೂ ನೋಡಿಕೊಳ್ಳಿ. ಜೋರು ಮಳೆ, ದೊಡ್ಡ ಉಬ್ಬರ ಒಟ್ಟಿಗೆ ಬಂದರೆ ಹಿಂದ್‌ಮಾತಾ, ಸಯನ್, ಕುರ್ಲಾ, ಮಿಲನ್ ಸಬ್‌ವೇ ಕಡೆ ಹೋಗಬೇಡಿ.